ಓದುಗರ ಪ್ರಶ್ನೆ: ತರಗತಿಗೆ ಬಂದ ಡಾಕ್ಯುಮೆಂಟ್ ಕ್ಯಾಮೆರಾ

ಪ್ರಶ್ನೆ: ದಾನಿಯೊಬ್ಬರು ನಮ್ಮ ಪ್ರೌಢಶಾಲೆಗೆ ಡಾಕ್ಯುಮೆಂಟ್ ಕ್ಯಾಮೆರಾ ಕೊಡಿಸಿದ್ದಾರೆ. ಪುಸ್ತಕದ ಪುಟವನ್ನು ಅದರಡಿ ಇಟ್ಟರೆ ಪರದೆಯ ಮೇಲೆ ಪಟ್ಟೆಗಳು ಓಡುತ್ತವೆ. ನಡುವೆ ಬೆಳಕು ಹೊಳೆದು ಅಕ್ಷರಗಳೇ ಕಾಣುವುದಿಲ್ಲ. ಪುಟ ತೋರಿಸುವುದಲ್ಲದೆ ಇದರಿಂದ ಬೇರೆ ಉಪಯೋಗವಿದೆಯೇ?
— ವಿಜ್ಞಾನ ಶಿಕ್ಷಕಿ, ಮಂಡ್ಯ

ಉತ್ತರ: ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆಗಿರುವುದರಿಂದ ಹಳೆಯ ಚೋಕ್‌ನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕಣ್ಣಿಗೆ ಕಾಣದ ಈ ಮಿನುಗು ಕ್ಯಾಮೆರಾಕ್ಕೆ ಪಟ್ಟೆಯಾಗಿ ಕಾಣುತ್ತದೆ. ಸೆಟ್ಟಿಂಗ್‌ನಲ್ಲಿ 60 ಹರ್ಟ್ಸ್ ಇದ್ದರೆ 50ಕ್ಕೆ ಬದಲಾಯಿಸಿ. ಹೊಳಪಿಗೆ ಕ್ಯಾಮೆರಾದ ದೀಪವನ್ನು ಆರಿಸಿ, ಪಕ್ಕದ ಕಿಟಕಿಯ ಬೆಳಕಿನಲ್ಲಿ ಪುಟವನ್ನು ತುಸು ಓರೆಯಾಗಿಟ್ಟರೆ ಸಾಕು.

ಅಚ್ಚಾದ ಪುಟ ಮಕ್ಕಳ ಕೈಯಲ್ಲೇ ಇರುವುದರಿಂದ, ಅದನ್ನು ತೋರಿಸುವುದು ಈ ಸಾಧನದ ಅತ್ಯಂತ ಸಣ್ಣ ಉಪಯೋಗವೆಂದೇ ನನ್ನ ಭಾವನೆ. ನಿಮ್ಮೂರಿನ ಕಬ್ಬಿನ ಒಂದು ತುಂಡನ್ನು ತಂದು, ಗೆಣ್ಣನ್ನು ಕ್ಯಾಮೆರಾದ ಕೆಳಗೆ ನಿಧಾನವಾಗಿ ತಿರುಗಿಸಿ: ಮೊಳಕೆಯೊಡೆಯುವ ಕಣ್ಣು, ಅದರ ಸುತ್ತ ಸಾಲುಗಟ್ಟಿದ, ಮುಂದೆ ಬೇರಾಗುವ ಸಣ್ಣ ಚುಕ್ಕೆಗಳು ಕೊನೆಯ ಬೆಂಚಿನ ಮಗುವಿಗೂ ಸ್ಪಷ್ಟವಾಗಿ ಕಾಣುತ್ತವೆ. ಗದ್ದೆಯಲ್ಲಿ ದಿನವೂ ಕಬ್ಬು ಕಾಣುವ ಮಕ್ಕಳು ಆಗ ಕೇಳುವ ಪ್ರಶ್ನೆಗಳಿಗಾಗಿ ಸಮಯ ಉಳಿಸಿಕೊಳ್ಳಿ. ಕೈ ಅಲುಗಿದಾಗಲೆಲ್ಲ ಚಿತ್ರ ಮಸುಕಾದರೆ ಫೋಕಸ್ಸನ್ನು ಲಾಕ್ ಮಾಡಬೇಕು.

ವಿದ್ಯಾರ್ಥಿಯ ನೋಟ್‌ಬುಕ್ಕಿನ ಲೆಕ್ಕವನ್ನೂ ತೋರಿಸಬಹುದು. ಆದರೆ ಮಗುವಿನ ಒಪ್ಪಿಗೆ ಪಡೆದು, ಹೆಸರನ್ನು ಮುಚ್ಚಿ ತೋರಿಸಿ.