ಪ್ರತಿಕ್ರಿಯೆ: ಯುಎಸ್‌ಬಿ ಹಾಕಿದ್ದರೆ ಕಂಪ್ಯೂಟರ್ ಆನ್ ಆಗುವುದಿಲ್ಲ
ಬಹುಶಃ ಬೂಟ್ ಆರ್ಡರ್ (ಆನ್ ಆಗುವಾಗ ವಿಂಡೋಸ್‌ಗಾಗಿ ಯಾವ ಡ್ರೈವನ್ನು ಮೊದಲು ನೋಡಬೇಕು ಅನ್ನುವ ಕ್ರಮ) ತಪ್ಪಿದೆ. ಪೆನ್‌ಡ್ರೈವ್, ಪ್ರಿಂಟರ್ ಹಾಕಿದ್ದರೆ ಕಪ್ಪು ಪರದೆಯಲ್ಲೇ ನಿಲ್ಲುತ್ತದೆ, ತೆಗೆದರೆ ಸರಿಯಾಗುತ್ತದೆ ಅಂದಿದ್ದೀರಿ ಅಲ್ವಾ? ಹಾರ್ಡ್ ಡಿಸ್ಕಿಗಿಂತ ಮೊದಲು ಕಂಪ್ಯೂಟರ್ ಯುಎಸ್‌ಬಿಯಲ್ಲಿ ವಿಂಡೋಸ್ ಹುಡುಕುತ್ತಿದೆ. ಮೆಮೊರಿ ಕಾರ್ಡ್ ಹಾಕುವ ಜಾಗ ಇರುವ ಪ್ರಿಂಟರನ್ನೂ ಡ್ರೈವ್ ಅಂತಲೇ ಎಣಿಸಬಹುದು. ಫಾರ್ಮ್ಯಾಟ್ ಮಾಡಿಸಲು ಸುಮ್ನೆ ದುಡ್ಡು ಕೊಡಬೇಡಿ.

ಕೀಬೋರ್ಡ್, ಮೌಸ್ ಬಿಟ್ಟು ಎಲ್ಲ ತೆಗೆಯಿರಿ. ಆನ್ ಮಾಡಿದ ತಕ್ಷಣ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಇರಿ. ಯಾವ ಕೀ ಅಂತ ಮೊದಲ ಪರದೆಯಲ್ಲಿ ಸಾಮಾನ್ಯವಾಗಿ ಬರುತ್ತದೆ. ಆಗ ಬಯೋಸ್ (ವಿಂಡೋಸ್‌ಗೂ ಮೊದಲಿನ ಸೆಟ್ಟಿಂಗ್ ಪರದೆ) ಬರುತ್ತದೆ, ಅದರಲ್ಲಿ ಬೂಟ್ ಅನ್ನುವಲ್ಲಿ ವಿಂಡೋಸ್ ಇರುವ ಡಿಸ್ಕನ್ನು ಮೊದಲಿಗೆ ತಂದು ಸೇವ್ ಮಾಡಿ. ಆಮೇಲೆ ಒಂದೊಂದನ್ನೇ ಹಾಕಿ, ಪ್ರತಿ ಸಲ ರೀಸ್ಟಾರ್ಟ್ ಮಾಡಿ ನೋಡಿ.

ಆಗಲೂ ನಿಂತರೆ ಪೋರ್ಟ್ ಹಾಳಾಗಿರಬಹುದು. ನೀವು ಕುಂಬಳೆಯಲ್ಲಿ ಕಡಲ ಹತ್ತಿರ ಇರುವವರು. ಮಳೆಗಾಲದಲ್ಲಿ ಪೋರ್ಟಿನೊಳಗೆ ಹಸಿರು ಕಿಲುಬು ಹಿಡಿಯುತ್ತದೆ. ನಮ್ಮ ಮನೆಯದ್ದರಲ್ಲಿ ಮುಂದಿನ ಪೋರ್ಟಿನ ಎರಡು ಪಿನ್ ಬಾಗಿ ಒಂದಕ್ಕೊಂದು ತಾಗಿತ್ತು, ಕಣ್ಣಿಗೆ ಬಿದ್ದದ್ದು ಟಾರ್ಚ್ ಹಾಕಿದಾಗಲೇ. ನೀವೂ ಹಾಗೆ ನೋಡಿ, ಆದರೆ ಮೊದಲು ಕರೆಂಟಿನ ಪ್ಲಗ್ ತೆಗೆಯಿರಿ. ಅಂಥ ಪೋರ್ಟ್ ಸಿಕ್ಕಿದರೆ ಅದಕ್ಕೆ ಏನೂ ಹಾಕದೆ, ಹಿಂದಿನ ಪೋರ್ಟ್‌ಗಳನ್ನು ಬಳಸಿ.

ಹೊರಗಿನ ಹಾರ್ಡ್ ಡಿಸ್ಕ್ ಇದ್ದರೆ ನೀಲಿ ಬಣ್ಣದ ಪೋರ್ಟಿಗೆ ಹಾಕಿ, ಅದು ಸಾಮಾನ್ಯವಾಗಿ ಯುಎಸ್‌ಬಿ 3, ಹೆಚ್ಚು ಕರೆಂಟ್ ಕೊಡುತ್ತದೆ. ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪ್, 3 ಆದರೆ 900.