ಸರ್ವಿಸ್ ರಿಜಿಸ್ಟರಿನ ಪರವಾಗಿ

ಉಡುಪಿಯ ಕುಂಜಿಬೆಟ್ಟಿನ ನಿವೃತ್ತ ಅಧ್ಯಾಪಕರೊಬ್ಬರಿಗೆ ನಮ್ಮ ಕಳೆದ ಸಂಚಿಕೆ ಬೇಸರ ತರಿಸಿದೆ. ಸಿಯಾಚಿನ್ ಹಿಮಪಾತಕ್ಕೆ ಸಿಲುಕಿ ಮಡಿದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಕುರಿತ ಲೇಖನದಲ್ಲಿ ‘ಪೋಸ್ಟಿಂಗುಗಳ ವಿವರವೇ ತುಂಬಿ, ಹಿಮದಡಿಯ ಆರು ದಿನಗಳು ಕೊನೆಯ ಪ್ಯಾರಾಕ್ಕೆ ಇಳಿದಿವೆ, ಇದು ವೀರಗಾಥೆಯೋ, ಸರ್ವಿಸ್ ರಿಜಿಸ್ಟರೋ?’ ಎಂದು ಕೇಳಿದ್ದಾರೆ.

ಮಾನ್ಯರೇ, ಆ ಆರು ದಿನಗಳ ಹಿರಿಮೆಯನ್ನು ಅಲ್ಲಗಳೆಯುವಷ್ಟು ಕಲ್ಲೆದೆ ನನ್ನದಲ್ಲ. 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಅಗೆದು ತೆಗೆದಾಗ ಉಸಿರಾಡುತ್ತಿದ್ದವರು ಇವರೊಬ್ಬರೇ. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಳ್ಳುವವರೆಗೂ ನಮ್ಮ ಕಚೇರಿಯ ಟಿ.ವಿ. ಆರಿರಲಿಲ್ಲ.

ಆದರೆ ನೀವು ಬೇಸರದಿಂದ ಹಾರಿಸಿ ಓದಿದ ಪ್ಯಾರಾಗಳಿಗೆ ದಯವಿಟ್ಟು ಹಿಂದಿರುಗಿ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಈ ಯುವಕ 2002ರ ಅಕ್ಟೋಬರಿನಲ್ಲಿ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ ಸೇರಿದರು. 2003ರಿಂದ 2006ರವರೆಗೆ ಜಮ್ಮು–ಕಾಶ್ಮೀರದ ಮಾಹೋರ್‌ನಲ್ಲಿ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿದ್ದರು. 2008ರಲ್ಲಿ ತಾವಾಗಿಯೇ ಕೇಳಿಕೊಂಡು, ಜಮ್ಮು–ಕಾಶ್ಮೀರದಲ್ಲಿ ಉಗ್ರರನ್ನು ಎದುರಿಸುವ ಸೇನಾಪಡೆಯಾದ 54 ರಾಷ್ಟ್ರೀಯ ರೈಫಲ್ಸ್‌ಗೆ ಹೋದರು. 2010ರಲ್ಲಿ ಮತ್ತೆ ತಾವಾಗಿಯೇ ಈಶಾನ್ಯ ಭಾರತಕ್ಕೆ. ಹದಿಮೂರು ವರ್ಷಗಳ ಸೇವೆಯಲ್ಲಿ ಹತ್ತು ವರ್ಷ ಕಷ್ಟದ ನೆಲೆಗಳಲ್ಲೇ ಕಳೆದವು. ನಮ್ಮಲ್ಲಿ ಸುಳ್ಯಕ್ಕೆ ವರ್ಗವಾದರೆ ಮಂಗಳೂರಿಗೆ ಮರಳಲು ಮಂತ್ರಿಗಳ ಮನೆ ಬಾಗಿಲು ತಟ್ಟುವವರನ್ನು ಕಂಡಿರುವ ನನಗೆ, ಕಷ್ಟದ ಜಾಗವನ್ನು ಎರಡೆರಡು ಸಲ ಕೇಳಿ ಪಡೆದ ಆ ಅರ್ಜಿಗಳೇ ಗಾಥೆಯಾಗಿ ಕಾಣುತ್ತವೆ. ಹಿಮ ಅವರನ್ನು ಪರೀಕ್ಷಿಸುವ ಮೊದಲೇ ಅವರು ಹಲವು ಸಲ ತೇರ್ಗಡೆಯಾಗಿದ್ದರು.

ಬಿಜೈಯ ನಮ್ಮ ಓಣಿಯಲ್ಲಿ ಒಬ್ಬ ಹವಾಲ್ದಾರರಿದ್ದರು. ಅವರ ಕಪ್ಪು ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು ಇತ್ತು. ಬಡ್ತಿ ಬಂದಾಗ ‘ನಾಯಕ್’ ಎಂಬುದರ ಮೇಲೆ ಕಪ್ಪು ಬಳಿದು ‘ಹವಾಲ್ದಾರ್’ ಎಂದು ಬರೆಸಿದ್ದರು. ವರ್ಷ ಕಳೆದು ಆ ಕಪ್ಪು ಮಾಸಿದಂತೆ ಅಡಿಯಿಂದ ‘ನಾಯಕ್’ ಮತ್ತೆ ಇಣುಕುತ್ತಿತ್ತು. ಈಗ ಅದರಲ್ಲಿ ಕುಚ್ಚಲಕ್ಕಿ ತುಂಬಿಟ್ಟಿದ್ದಾರೆ. ಅವರು ಎಲ್ಲೆಲ್ಲಿ ಇದ್ದರೆಂದು ಸೊಸೆಯನ್ನು ಕೇಳಿದರೆ, ‘ಮಿಲಿಟ್ರಿಯಲ್ಲಿದ್ದರು’ ಎಂಬಷ್ಟೇ ಉತ್ತರ.

ಬರೆದಿಡದಿದ್ದರೆ ಹೀಗೆಯೇ ಆಗುತ್ತದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ತಮ್ಮ ವಿಮಾನಕ್ಕಿಂತ ಬಹಳ ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರನ್ನು ಅವರು ಉರುಳಿಸಿದ್ದನ್ನು ನಮ್ಮವರು ಯಾರೂ ಕಂಡಿರಲಿಲ್ಲ. ವಿದೇಶಿ ಲೇಖಕರೊಬ್ಬರ ಪುಸ್ತಕದಿಂದ ಅದು ತಿಳಿದುಬಂದು, ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಇತ್ತ ನಾವೋ, ಜುಲೈ 26ರ ಕಾರ್ಗಿಲ್ ವಿಜಯ ದಿನಕ್ಕೆ ಊರ ತುಂಬ ಫ್ಲೆಕ್ಸ್ ಕಟ್ಟುತ್ತೇವೆ. ಅದರಲ್ಲಿ ಸೈನಿಕನ ಮುಖ ಅಂಚೆಚೀಟಿಯಷ್ಟು, ಗೌರವ ಸಲ್ಲಿಸುವವರ ಮುಖ ಮೊರದಷ್ಟು. ರೆಜಿಮೆಂಟಿನ ಹೆಸರು ತಪ್ಪಿದ್ದರೂ ತಿದ್ದುವವರಿಲ್ಲ.

ಮೂವತ್ತು ವರ್ಷ ಹಾಜರಿ ಪುಸ್ತಕವನ್ನು ಅಚ್ಚುಕಟ್ಟಾಗಿ ಬರೆದ ಕೈ ನಿಮ್ಮದು. ಪತ್ರದ ಅಕ್ಷರಗಳೇ ಅದನ್ನು ಹೇಳುತ್ತವೆ. ಅಂಥವರೇ ರಿಜಿಸ್ಟರನ್ನು ಹಗುರವಾಗಿ ಕಂಡದ್ದು ನನಗೆ ನೋವಾಯಿತು. ಸೇನೆ ಸೇರಿದ ನಿಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಬಗ್ಗೆ ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಅದನ್ನೇ ಬೆಳೆಸಿ ಕಳುಹಿಸಿ, ಎರಡು ಪುಟ ಕಾದಿರಿಸುತ್ತೇನೆ. ಪೋಸ್ಟಿಂಗುಗಳನ್ನು ಮಾತ್ರ ಬಿಡಬೇಡಿ.