ಎಂಟು ಫೋನಿಗೆ ಒಂದೇ ಹೃದಯ

ಗದಗಿನ ನರ್ಸಿಂಗ್ ಕಾಲೇಜೊಂದರ ಉಪನ್ಯಾಸಕರು ಬರೆದಿದ್ದಾರೆ: "ಎಂಟು ಫೋನುಗಳಲ್ಲಿ ಎಆರ್ (ಕ್ಯಾಮೆರಾ ನೋಟದೊಳಗೆ 3ಡಿ ಮಾದರಿ ಕೂರಿಸುವ ತಂತ್ರ) ಹೃದಯ ತೋರಿಸಿದೆವು. ಒಬ್ಬಳಿಗೆ ಮೇಜಿನ ನಡುವೆ, ಇನ್ನೊಬ್ಬಳಿಗೆ ಅಂಚಿನಲ್ಲಿ. 'ಇದು ಮಹಾಪಧಮನಿ' ಅಂತ ನಾನು ಬೆರಳಿಟ್ಟರೆ ಎಂಟು ಜನ ಎಂಟು ಕಡೆ ನೋಡುತ್ತಾರೆ. ತಲೆಗೆ ಹಾಕುವ ಕನ್ನಡಕ ತರಿಸಿದರೆ ಸರಿಹೋದೀತೇ?"

ಗುರುಗಳೇ, ಕನ್ನಡಕಕ್ಕೆ ಈಗಲೇ ದುಡ್ಡು ಹಾಕಬೇಡಿ. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಅಂಗರಚನೆ ಕಲಿಸಲು ಬಳಸಿದ ಹೋಲೋಲೆನ್ಸ್ ಎಂಬ ಎಆರ್ ಕನ್ನಡಕ ಒಳ್ಳೆಯ ಉಪಕರಣವೇ. ಆದರೆ ಮೈಕ್ರೋಸಾಫ್ಟ್ 2024ರಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಿತು. ನಿಮ್ಮಲ್ಲಿ ಕೈಕೊಟ್ಟಿರುವುದು ಮೂಲಬಿಂದು. ಪ್ರತಿ ಫೋನೂ ಆ್ಯಪ್ ತೆರೆದ ಜಾಗವನ್ನೇ ಸೊನ್ನೆ ಎಂದು ಹಿಡಿದು ಅಲ್ಲಿಂದ ಅಳೆಯುತ್ತದೆ. ಎಂಟು ಫೋನಿಗೆ ಎಂಟು ಸೊನ್ನೆ.

ಎಲ್ಲಕ್ಕೂ ಒಂದೇ ಸೊನ್ನೆ ಕೊಡಲು ಮೇಜಿನ ಮೇಲೊಂದು ಗುರುತುಚಿತ್ರ ಸಾಕು; ಪ್ರತಿ ಫೋನೂ ಅದನ್ನು ಸ್ಕ್ಯಾನ್ ಮಾಡಿ ಅಲ್ಲಿಂದಲೇ ಅಳೆಯುತ್ತದೆ. 18 ಸೆಂ.ಮೀ. ಅಗಲವಿರಲಿ, ಗೆರೆ-ಮೂಲೆ ದಟ್ಟವಾಗಿರಲಿ. ನಮ್ಮ ಧಾರವಾಡದ ಕಸೂತಿ ಎಷ್ಟೇ ಚೆಂದವಿದ್ದರೂ ಇಲ್ಲಿ ಬೇಡ. ಒಂದೇ ನಮೂನೆ ಮತ್ತೆ ಮತ್ತೆ ಬಂದರೆ ಫೋನಿಗೆ ದಿಕ್ಕು ತಪ್ಪುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ, ಟ್ಯೂಬ್‌ಲೈಟ್ ಬೆಳಕು ಅದರ ಮೇಲೆ ಹೊಳೆಯುತ್ತದೆ. ಫ್ಯಾನ್ ಗಾಳಿಗೆ ಏಳದಂತೆ ದಪ್ಪ ರಟ್ಟಿಗೆ ಅಂಟಿಸಿ.

ಹೆಚ್ಚಿನವರು ಎಡವುವುದು ಪ್ರಿಂಟಿನಲ್ಲಿ. 'ಫಿಟ್ ಟು ಪೇಜ್' ಒತ್ತಿದರೆ 18 ಸೆಂ.ಮೀ. ಚಿತ್ರ 17ಕ್ಕೆ ಇಳಿದೀತು. ಆ್ಯಪ್ ಮಾತ್ರ 18 ಅಂದುಕೊಂಡು, ಒಂದೂವರೆ ಮೀಟರ್ ದೂರದ ಚಿತ್ರವನ್ನು ಇನ್ನೂ 9 ಸೆಂ.ಮೀ. ಆಚೆಗಿದೆ ಎಂದು ಲೆಕ್ಕ ಹಾಕುತ್ತದೆ. ನಿಂತಲ್ಲಿಂದ ನೋಡಿದರೆ ಎಲ್ಲ ಸರಿಯೇ. ಮೇಜಿನ ಆಚೆ ಬದಿಗೆ ಹೋದಾಗ ಹೃದಯ ಜಾರಿರುತ್ತದೆ. ಅಚ್ಚಾದ ಮೇಲೆ ಸ್ಕೇಲ್ ಇಟ್ಟು ಅಳೆದು, ಆ ಅಂಕಿಯನ್ನೇ ಆ್ಯಪಿಗೆ ಕೊಡಿ. ಹೃದಯ ಚಿತ್ರದ ಮೇಲೆಯೇ ನಿಲ್ಲಲಿ. ಅರ್ಧ ಮೀಟರ್ ಆಚೆ ಇಟ್ಟರೆ, ಫೋನ್ ಚಿತ್ರದ ಕೋನವನ್ನು ಎರಡೇ ಡಿಗ್ರಿ ತಪ್ಪಾಗಿ ಹಿಡಿದರೂ ಹೃದಯ ಸುಮಾರು 1.7 ಸೆಂ.ಮೀ. ಸರಿಯುತ್ತದೆ.

ಕಾಲೇಜಿನ ವೈಫೈಯಲ್ಲಿ ಕ್ಲೈಂಟ್ ಐಸೊಲೇಶನ್ (ಉಪಕರಣಗಳನ್ನು ಪರಸ್ಪರ ಬೇರೆಯಾಗಿಡುವ ವ್ಯವಸ್ಥೆ) ಇದ್ದರೆ ಫೋನುಗಳು ಒಂದಕ್ಕೊಂದು ಮಾತಾಡವು. ಇಂಟರ್ನೆಟ್ ಇಲ್ಲದ ಬೇರೆ ರೌಟರ್ ಇಡಿ. ಹೃದಯದ ಮಾದರಿ ಮೊದಲೇ ಫೋನಿನಲ್ಲಿದ್ದರೆ ಫೋನುಗಳ ನಡುವೆ ಓಡಾಡಬೇಕಾದದ್ದು ತಿರುವು, ಗಾತ್ರ, ಯಾವ ಭಾಗ ಮರೆ ಎಂಬಷ್ಟೇ. ತಿರುಗಿಸುವ ಹಕ್ಕು ನಿಮ್ಮ ಫೋನಿಗೆ ಮಾತ್ರ ಇರಲಿ, ಇಲ್ಲದಿದ್ದರೆ ಹಗ್ಗಜಗ್ಗಾಟವೇ.

ಮಾದರಿಗೆ ಜಪಾನಿನ ಬಾಡಿಪಾರ್ಟ್ಸ್3ಡಿ ಎಂಬ ಅಂಗಗಳ 3ಡಿ ಸಂಗ್ರಹ ಉಚಿತ. ಅದರ ಅಳತೆ ಮಿಲಿಮೀಟರಿನಲ್ಲಿ, ಆ್ಯಪಿನದು ಮೀಟರಿನಲ್ಲಿ; 0.001 ಪಟ್ಟಿಗೆ ಇಳಿಸದಿದ್ದರೆ 12 ಸೆಂ.ಮೀ. ಹೃದಯ 120 ಮೀಟರ್ ಆಗಿ ನೀವೆಲ್ಲ ಅದರ ಹೊಟ್ಟೆಯೊಳಗೆ ನಿಂತಿರುತ್ತೀರಿ! 3ಡಿ ಮಾದರಿ ತಿದ್ದುವ ಬ್ಲೆಂಡರಿನಿಂದ ಆ್ಯಪ್ ಕಟ್ಟುವ ಯೂನಿಟಿಗೆ ತರುವಾಗ ಅಕ್ಷ ಅದಲುಬದಲಾದರೆ ಕನ್ನಡಿಬಿಂಬವಾಗುತ್ತದೆ. ಹೃದಯದ ತುದಿ ದೇಹದ ಎಡಕ್ಕಿದೆಯೇ ನೋಡಿಕೊಳ್ಳಿ. ಕನ್ನಡ ಹೆಸರುಗಳನ್ನು ಚಿತ್ರವಾಗಿಯೇ ಅಂಟಿಸಿ; ಯೂನಿಟಿಯಲ್ಲಿ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್ ಪ್ರೊ 'ಹೃತ್ಕುಕ್ಷಿ'ಯ ಒತ್ತಕ್ಷರವನ್ನು ಒಡೆದುಹಾಕುತ್ತದೆ.

ಪಾಠಕ್ಕೆ ಮುಂಚೆ ಒಂದು ಪರೀಕ್ಷೆ. ಹೃದಯದ ತುದಿಯನ್ನು ಮೇಜಿಗೆ ತಾಗಿಸಿ. ಎಲ್ಲರೂ ಚಿತ್ರ ಸ್ಕ್ಯಾನ್ ಮಾಡಿ, ಎದುರು ಬದಿಗೆ ಹೋಗಿ, ತುದಿ ಕಂಡಲ್ಲಿ ಒಂದೊಂದು ಜೋಳದ ಕಾಳು ಇಡಲಿ. ಎಂಟೂ ಕಾಳು ಹತ್ತು ರೂಪಾಯಿ ನಾಣ್ಯದಡಿ ಅಡಗುವಂತಿದ್ದರೆ ಪಾಠ ಶುರುಮಾಡಿ. ಎಲ್ಲವೂ ಚದುರಿದ್ದರೆ ಚಿತ್ರದ ಅಗಲ ಮತ್ತೆ ಅಳೆಯಿರಿ. ಒಂದು ಕಾಳು ಮಾತ್ರ ದೂರ ಬಿದ್ದಿದ್ದರೆ ಆ ಫೋನಿನಿಂದ ಇನ್ನೊಮ್ಮೆ, ಹತ್ತಿರದಿಂದ, ಸ್ಕ್ಯಾನ್ ಮಾಡಿಸಿ.

– ಸಂಪಾದಕ